ಗುಡ್ಡದ ಮೇಲೆ ಹಾಲಿನದೇ ತಕರಾರು

ಕ್ಯಾಂಪಿಂಗಿಗೆ ಅಂತ ಮಾರುವ ಕಾಫಿ ಸಾಮಾನು ನೋಡಿದಾಗಲೆಲ್ಲ ನನಗೆ ಒಂದು ಅನುಮಾನ ಬರುತ್ತದೆ. ಇದನ್ನು ಮಾಡಿದವರ್‍ಯಾರೂ ಹಾಲು ಹಾಕಿದ ಕಾಫಿ ಕುಡಿಯುವವರಲ್ಲ. ಒತ್ತಿ ಕಾಫಿ ಇಳಿಸುವ ಏರೋಪ್ರೆಸ್ಸು, ಮಡಚುವ ಡ್ರಿಪ್ಪರು, ಟೈಟಾನಿಯಂ ಲೋಟ ಎಲ್ಲವೂ ಕರಿ ಕಾಫಿಯವರಿಗೆ ಹೇಳಿ ಮಾಡಿಸಿದ್ದು. ಪುಡಿ, ಬಿಸಿನೀರು, ಮುಗೀತು. ನಮಗೆ ಹಾಗಲ್ಲವಲ್ಲ. ಡಿಕಾಕ್ಷನ್ ಗಟ್ಟಿ ಇರಬೇಕು, ಹಾಲೂ ಗಟ್ಟಿ ಇರಬೇಕು, ಮೇಲೆ ಒಂಚೂರು ನೊರೆ ಬೇರೆ ಬೇಕು. ಅಷ್ಟನ್ನೂ ಬೆನ್ನಿಗೆ ಹೇರಿಕೊಂಡು ಗುಡ್ಡ ಹತ್ತಬೇಕು.

ಈ ಜನವರಿಯಲ್ಲಿ ಚಿಕ್ಕಮಗಳೂರು ಹತ್ತಿರದ ಅತ್ತಿಗುಂಡಿ ಕಡೆಯ ಒಂದು ತೋಟದಲ್ಲಿ ಟೆಂಟ್ ಹಾಕಿದ್ದೆವು. ತೋಟ ಗೆಳೆಯನ ಚಿಕ್ಕಪ್ಪನದು. ಅರೇಬಿಕಾ ಕುಯ್ಲು ಮುಗಿಯುತ್ತ ಬಂದಿತ್ತು. ಅರಣ್ಯ ಇಲಾಖೆಯ ಜಾಗದಲ್ಲಿ ಸುಮ್ನೆ ಹೋಗಿ ಟೆಂಟ್ ಹೊಡೆಯುವ ಹಾಗಿಲ್ಲ. ಆ ಹೊತ್ತಿಗೆ ಹುಲ್ಲು ಒಣಗಿರುತ್ತದೆ, ಒಂದು ಕಿಡಿ ಸಾಕು. ಹಾಗಾಗಿ ತೋಟದ ತಲೆಗಿದ್ದ ಬೋಳು ಜಾಗವೇ ನಮಗೆ ಗತಿ. ಸೌದೆ ಬೇಡ, ಗ್ಯಾಸ್ ಸ್ಟೋವ್ ಮಾತ್ರ ಅಂತ ಮೊದಲೇ ಮಾತಾಗಿತ್ತು.

ಕಾಫಿ ಗಿಡದ ಪಕ್ಕದಲ್ಲೇ ಮಲಗಿದರೂ ಪುಡಿ ಮಾತ್ರ ಪೇಟೆಯಿಂದಲೇ ಬರಬೇಕು. ಕಿತ್ತ ಹಣ್ಣಿನ ಸಿಪ್ಪೆ ಸುಲಿದು (ಪಲ್ಪ್ ಮಾಡಿ), ಹುಳಿ ಬರಿಸಿ, ತೊಳೆದು, ಕಣದಲ್ಲಿ ಒಣಗಿಸಿ, ಬೀಜದ ಹೊಟ್ಟು ತೆಗೆಯುವ ಕ್ಯೂರಿಂಗ್ ವರ್ಕ್ಸಿಗೆ ಕಳಿಸಿ, ಆಮೇಲೆ ಹುರಿಯಬೇಕು. ಚಿಕ್ಕಮಗಳೂರಿನ ಎಂ.ಜಿ. ರಸ್ತೆಯಲ್ಲಿ ಎರಡು ಪೊಟ್ಟಣ ಕಣ್ಣೆದುರೇ ಪುಡಿ ಮಾಡಿಸಿಕೊಂಡೆವು. ಒಂದು ಬರೀ ಪೀಬೆರಿ, ಅಂದರೆ ಹಣ್ಣಿನೊಳಗೆ ಒಂದೇ ದುಂಡು ಬೀಜ ಇರುವಂಥದ್ದು. ಇನ್ನೊಂದು 80:20, ಅಂದರೆ ಎಂಬತ್ತು ಪಾಲು ಕಾಫಿಗೆ ಇಪ್ಪತ್ತು ಪಾಲು ಚಿಕೋರಿ ಬೇರಿನ ಪುಡಿ ಸೇರಿಸಿದ್ದು. ಕೈಗ್ರೈಂಡರ್ ಹೊತ್ತು ತರುತ್ತೇನೆ ಅಂದಿದ್ದ ಗೆಳೆಯನನ್ನು ಅಲ್ಲೇ ತಡೆದೆ. ಒಂದು ರಾತ್ರಿಗೆ ಆ ಭಾರ ಯಾಕೆ? ನಮ್ಮ ನಾಡಿಗೆ ಕಾಫಿ ತಂದರೆನ್ನುವ ಸೂಫಿ ಸಂತ ಬಾಬಾ ಬುಡನ್ ಏಳೇ ಬೀಜ ತಂದರಂತೆ. ಅವರಷ್ಟು ಹಗುರವಾಗಿ ಕಾಫಿ ಹೊತ್ತವರು ಇನ್ನೊಬ್ಬರಿಲ್ಲ ಬಿಡಿ.

ಗೆಳೆಯನ ಹತ್ತಿರ ಏರೋಪ್ರೆಸ್ ಇತ್ತು. ಆಲನ್ ಆಡ್ಲರ್ ಅನ್ನುವ ಅಮೆರಿಕದ ಎಂಜಿನಿಯರ್ 2005ರಲ್ಲಿ ಮಾರುಕಟ್ಟೆಗೆ ತಂದ ಪ್ಲಾಸ್ಟಿಕ್ ಕೊಳವೆ ಅದು. ಎಸೆದರೆ ದೂರಕ್ಕೆ ಹಾರುವ ಆಟದ ರಿಂಗ್ ಮಾಡಿದವನೂ ಅವನೇ. ನನ್ನ ಹತ್ತಿರ ಸೋಸಲು ಇದ್ದದ್ದು ಹಳೇ ಪಂಚೆಯಿಂದ ಹರಿದ ಅಂಗೈಯಗಲದ ಬಟ್ಟೆ. ಭಾರವೇ ಇಲ್ಲ. ಬಟ್ಟೆಯನ್ನು ಸೋಪಿನಲ್ಲಿ ತೊಳೆಯಬಾರದು, ಅಷ್ಟೇ. ತೊಳೆದರೆ ಕಾಫಿಗೂ ಅದೇ ವಾಸನೆ.

ಬೆಳಗಿನ ಜಾವ ಸ್ಟೋವ್ ಹಚ್ಚಿದರೆ ಉರಿ ಮಂಕು. ಗೆಳೆಯ ಗ್ಯಾಸ್ ಖಾಲಿ ಅಂತಲೇ ತೀರ್ಮಾನಿಸಿಬಿಟ್ಟ. ಖಾಲಿ ಆಗಿರಲಿಲ್ಲ. ಚಳಿಯಾದಂತೆ ಕ್ಯಾನಿನೊಳಗಿನ ಬ್ಯುಟೇನ್ ಆವಿಯಾಗುವುದು ಕಡಿಮೆ, ಸೊನ್ನೆ ಡಿಗ್ರಿಯ ಹತ್ತಿರ ಹೋದರೆ ಹೆಚ್ಚುಕಡಿಮೆ ನಿಂತೇ ಹೋಗುತ್ತದೆ. ನಮ್ಮಲ್ಲಿ ಅಷ್ಟು ಚಳಿ ಇಲ್ಲ, ನಿಜ. ಆದರೆ ಉರಿಯುತ್ತ ಉರಿಯುತ್ತ ಕ್ಯಾನ್ ತಾನೇ ತಣ್ಣಗಾಗುತ್ತದೆ. ಬಿಚ್ಚಿ ಜಾಕೆಟ್ಟಿನೊಳಗೆ ಸ್ವಲ್ಪ ಹೊತ್ತು ಇಟ್ಟುಕೊಂಡೆ, ಉರಿ ಸರಿಹೋಯಿತು. ಗಾಳಿಗೆ ಅಂತ ಅವನು ಅಲ್ಯೂಮಿನಿಯಂ ಹಾಳೆಯನ್ನು ಸುತ್ತಲೂ ಕಟ್ಟಲು ಹೊರಟಿದ್ದ. ಅದು ಬೇಡವೇ ಬೇಡ. ಕ್ಯಾನಿನ ನೆತ್ತಿಗೇ ಬರ್ನರ್ ಕೂರುವ ಸ್ಟೋವ್ ಅದು, ಸುತ್ತ ಮುಚ್ಚಿದರೆ ಕಾವೆಲ್ಲ ಕ್ಯಾನಿಗೇ ಹೊಡೆದು ಸಿಡಿಯಬಹುದು. ಗಾಳಿ ಬರುವ ಕಡೆ ಎರಡು ಚಪ್ಪಟೆ ಕಲ್ಲು ನಿಲ್ಲಿಸಿದೆವು.

ನೀರಿನ ಬಿಸಿಗೆ ಥರ್ಮಾಮೀಟರ್ ಏನೂ ಬೇಕಿಲ್ಲ. ಸುಮಾರು 300 ಮೀಟರ್ ಎತ್ತರ ಹೋದಂತೆ ನೀರು ಕುದಿಯುವ ಬಿಸಿ ಒಂದೊಂದು ಡಿಗ್ರಿ ಇಳಿಯುತ್ತದೆ. 1,930 ಮೀಟರಿನ ಮುಳ್ಳಯ್ಯನಗಿರಿ ನೆತ್ತಿಯಲ್ಲಾದರೆ 93-94ಕ್ಕೇ ಕುದಿ ಬರುತ್ತದೆ. ಕಾಫಿಗೆ ಬೇಕಾದದ್ದೂ ಅಷ್ಟೇ. ಕುದಿನೀರು ಹಾಕಿದರೆ ಕಹಿ ಅನ್ನುವವರು ಗುಡ್ಡದ ಮೇಲೆ ಹೆದರಬೇಕಿಲ್ಲ.

ಏರೋಪ್ರೆಸ್ಸಿಗೆ 80:20 ಹಾಕಿದ ಗೆಳೆಯ, ಒತ್ತಿದ. ಇಳಿಯಲಿಲ್ಲ. ಮೊಣಕಾಲೂರಿ ಒತ್ತಿದ. ನಮ್ಮ ಫಿಲ್ಟರ್ ಪುಡಿ ನುಣ್ಣಗಿರುತ್ತದೆ, ಚಿಕೋರಿ ಬೇರೆ ನೀರು ಹೀರಿ ಅಂಟುತ್ತದೆ. ಕೊನೆಗೆ ಇಳಿದದ್ದು ಮಾತ್ರ ಒಳ್ಳೇ ಡಿಕಾಕ್ಷನ್, ಅದನ್ನು ಒಪ್ಪಲೇಬೇಕು. ಬಟ್ಟೆಯಲ್ಲಿ ನಿಧಾನಕ್ಕೆ ಇಳಿದ ನನ್ನದೂ ಸುಮಾರು ಹಾಗೇ ಇತ್ತು. ಚಿಕೋರಿ ಅಂದರೆ ಮೂಗು ಮುರಿಯುವವರು ಜಾಸ್ತಿ ಆಗಿದ್ದಾರೆ. ಕರಿ ಕಾಫಿಗೆ ಅವರ ಮಾತು ಸರಿ. ಹಾಲು ಹಾಕುವುದಾದರೆ ಸ್ವಲ್ಪ ಇರಲಿ ಅನ್ನುವವನು ನಾನು.

ಹಾಲಿಗೆ ಬಂದೆವು. ಪ್ಯಾಕೆಟ್ ಹಾಲು ಬಿಸಿಲಲ್ಲಿ ಹೊತ್ತರೆ ಒಡೆಯುತ್ತದೆ, ಅದಕ್ಕೇ ಹಾಲಿನ ಪುಡಿ ತಂದಿದ್ದೆವು. ಬಿಸಿನೀರಿಗೆ ನೇರ ಸುರಿದರೆ ಗಂಟು. ಮೊದಲು ತಣ್ಣೀರಿನಲ್ಲಿ ಪೇಸ್ಟ್ ಮಾಡಿಕೊಂಡು, ಆಮೇಲೆ ನೀರು ಸೇರಿಸಿ, ಕುದಿಸದೆ ಬಿಸಿ ಮಾಡಬೇಕು. ಪೊಟ್ಟಣದ ಮೇಲೆ ಬರೆದದ್ದಕ್ಕಿಂತ ಗಟ್ಟಿಯಾಗಿಯೇ ಕಲಸಿದೆ. ಎರಡು ಲೋಟದಲ್ಲಿ ಎತ್ತಿ ಎತ್ತಿ ಹುಯ್ದೆ, ನೊರೆಯೂ ಬಂತು. ಅಷ್ಟೊತ್ತಿಗೆ ಕೆಲಸದವರಿಗಿಂತ ಮುಂಚೆ ತೋಟ ನೋಡಲು ರೈಟರ್, ಅಂದರೆ ತೋಟದ ಮೇಲ್ವಿಚಾರಕರು, ಮೇಲೆ ಬಂದರು. ಅವರಿಗೂ ಒಂದು ಲೋಟ ಕೊಟ್ಟೆವು.

ಒಂದು ಗುಟುಕು ಕುಡಿದು, "ಡಿಕಾಕ್ಷನ್ ಚೆನ್ನಾಗಿದೆ. ಹಾಲು ಯಾಕೆ ಡಬ್ಬಿ ಡಬ್ಬಿ?" ಅಂದರು.

ಅಷ್ಟೆಲ್ಲ ಮಾಡಿ ಇಷ್ಟೇನಾ ಅನ್ನಿಸಿತು. ಅವರು ತಮ್ಮ ಚೀಲದಿಂದ ಬೆಲ್ಲದ ಚೂರು ತೆಗೆದರು. ನೀರಿಗೆ ಬೆಲ್ಲ ಹಾಕಿ ಕುದಿಸಿ, ನಮ್ಮ ಪೀಬೆರಿ ಪುಡಿ ಹಾಕಿ, ಒಂದು ಉಕ್ಕು ಬಂದದ್ದೇ ಇಳಿಸಿದರು. ಮೇಲೆ ತಣ್ಣೀರು ಚಿಮುಕಿಸಿ, ಮುಚ್ಚಿ, ಮಾತಿಗೆ ಕೂತರು. ಈ ಸಲ ಹಣ್ಣು ಹೇಗೆ, ಆಳು ಸಿಗುವುದಿಲ್ಲ, ಒಳ್ಳೇ ಮಾಲೆಲ್ಲ ಹೊರದೇಶಕ್ಕೇ, ಹೀಗೆ. ಅಷ್ಟರಲ್ಲಿ ಪುಡಿ ತಳಕ್ಕೆ ಕೂತಿತ್ತು. ಸೋಸುವುದೂ ಬೇಕಾಗಲಿಲ್ಲ, ಮೆಲ್ಲಗೆ ಬಗ್ಗಿಸಿದರೆ ಸಾಕು. ಏರೋಪ್ರೆಸ್ಸೂ ಇಲ್ಲ, ಪಂಚೆ ತುಂಡೂ ಇಲ್ಲ.

ಕಾಫಿ ಬಹಳ ಚೆನ್ನಾಗಿತ್ತು. ಗೆಳೆಯ ಎರಡು ಲೋಟ ಕುಡಿದು, ಇನ್ನು ಮೇಲೆ ಇದೇ ಸಾಕು ಅಂದ. ನಾನು ಒಪ್ಪಲಿಲ್ಲ. ಹತ್ತು ಗಂಟೆಗಾದರೆ ಬೆಲ್ಲದ ಕಾಫಿ ಎಷ್ಟಾದರೂ ಕುಡಿಯುತ್ತೇನೆ. ಎದ್ದ ಕೂಡಲೇ ಮೊದಲ ಲೋಟಕ್ಕೆ ಹಾಲು ಬೇಕೇ ಬೇಕು. ಅದಕ್ಕೆ ಈಗ ಯೋಚಿಸಿರುವುದು ನಂದಿನಿ ಗುಡ್‌ಲೈಫ್ ಹಾಲು. ಪ್ಯಾಕೆಟ್ ತೆರೆಯುವವರೆಗೆ ಫ್ರಿಜ್ ಬೇಕಿಲ್ಲ, ಡಬ್ಬಿ ವಾಸನೆಯೂ ಇಲ್ಲ. ಅರ್ಧ ಲೀಟರ್ ಅಂದರೆ ಅರ್ಧ ಕೇಜಿ ಭಾರ ಅಂತ ಗೆಳೆಯನ ಆಕ್ಷೇಪ. ಏರೋಪ್ರೆಸ್ ಮನೆಯಲ್ಲಿ ಬಿಟ್ಟು ಬಾ ಅಂದೆ. ಅವನಿನ್ನೂ ಒಪ್ಪಿಲ್ಲ.