ಬಲ್ಬಿನ ಕಾವು, ಎಲೆಕ್ಟ್ರಾನಿನ ಕಾವು

ಧಾರವಾಡದ ನಮ್ಮ ಕಾಲೇಜಿನ ಫಿಸಿಕ್ಸ್ ಲ್ಯಾಬಿನಲ್ಲಿ ಸೋಲಾರ್ ಸೆಲ್ ಪ್ರಯೋಗಕ್ಕೆ ಕಿಟಕಿ ಪಕ್ಕದ ಬೆಂಚು: 100 ವಾಟ್ ಬಲ್ಬು, ಅಂಗೈಯಗಲದ ಸಿಲಿಕಾನ್ ಸೆಲ್, ರೆಸಿಸ್ಟೆನ್ಸ್ ಬಾಕ್ಸ್, ಎರಡು ಮೀಟರು. ರೀಡಿಂಗ್ ತಡವಾದರೆ ಸೆಲ್ ಕಾದು, ಅದರ ವೋಲ್ಟೇಜ್ ಡಿಗ್ರಿಗೆ ಸುಮಾರು 2 ಮಿಲಿವೋಲ್ಟ್ ಇಳಿದು ಗ್ರಾಫು ಕೆಡುತ್ತಿತ್ತು. "ಬಲ್ಬ್ ಆರಿಸ್ರೆಪಾ, ಸೆಲ್ ಆರ್ಲಿ" ಎಂದು ಸರ್ ಹೇಳುತ್ತಿದ್ದುದು ಅದಕ್ಕೇ.

ಆ ಕಾವು ಹೆಚ್ಚಾಗಿ ಬಲ್ಬಿನದು. ಸೆಲ್ಲಿನ ಒಳಗೇ ಹುಟ್ಟುವ ಕಾವು ಬೇರೆ. ಹಸಿರು ಬೆಳಕಿನ ಫೋಟಾನು ತರುವುದು 2.3 ಎಲೆಕ್ಟ್ರಾನ್ ವೋಲ್ಟ್, ಸಿಲಿಕಾನಿನಲ್ಲಿ ಎಲೆಕ್ಟ್ರಾನನ್ನು ಬಿಡಿಸಲು ಬೇಕಾದದ್ದು 1.1. ಉಳಿದದ್ದನ್ನು ಎಲೆಕ್ಟ್ರಾನು ಪಿಕೋಸೆಕೆಂಡಿನ ಆಸುಪಾಸಿನಲ್ಲೇ ಹರಳಿನ ಕಂಪನಕ್ಕೆ ಕೊಟ್ಟು ತಣ್ಣಗಾಗುತ್ತದೆ. ಒಂದೇ ಜಂಕ್ಷನ್ನಿನ ಸೆಲ್ಲಿನ ದಕ್ಷತೆಯ ಮಿತಿ ಶೇ. 33ರ ಸುಮಾರಿಗೆ ನಿಲ್ಲಲು ಈ ನಷ್ಟವೂ ದೊಡ್ಡ ಕಾರಣ. ಎಲೆಕ್ಟ್ರಾನನ್ನು ಬಿಸಿಯಿದ್ದಾಗಲೇ ಹೊರತೆಗೆದರೆ ಶೇ. 66ರವರೆಗೆ ಹೋಗಬಹುದೆಂದು 1982ರಲ್ಲೇ ರಾಸ್ ಮತ್ತು ನೊಜಿಕ್ ಲೆಕ್ಕ ಹಾಕಿದ್ದರು. ಇದೇ ಹಾಟ್ ಕ್ಯಾರಿಯರ್ (ಬಿಸಿ ಎಲೆಕ್ಟ್ರಾನಿನ) ಸೆಲ್ಲಿನ ಆಸೆ.

ಈಗ ಇದೇ ಆಸೆಯಿಂದ ಎಂ.ಎಸ್ಸಿ. ಪ್ರಾಜೆಕ್ಟಿಗೆ ಪೆರೋವ್‌ಸ್ಕೈಟ್ ಕ್ವಾಂಟಮ್ ಡಾಟ್ (ಪೆರೋವ್‌ಸ್ಕೈಟ್ ರಚನೆಯ, ನ್ಯಾನೋಮೀಟರ್ ಗಾತ್ರದ ಹರಳು) ಹಿಡಿಯುವವರಿಗೆ ಎರಡು ಮಾತು. ಸೀಸಿಯಂ ಲೆಡ್ ಬ್ರೋಮೈಡ್ ಡಾಟ್ ಮಾಡುವುದು ಕಷ್ಟವಲ್ಲ. 69 ಮಿಲಿಗ್ರಾಂ ಲೆಡ್ ಬ್ರೋಮೈಡನ್ನು 5 ಮಿ.ಲೀ. ಆಕ್ಟಡೆಸೀನ್ ಎಂಬ ದ್ರಾವಕದಲ್ಲಿ 120 ಡಿಗ್ರಿಗೆ, ವ್ಯಾಕ್ಯೂಮಿನಲ್ಲಿ ಒಂದು ತಾಸು ಒಣಗಿಸಿ. ನೈಟ್ರೋಜನ್ ಬಿಟ್ಟು ಓಲಿಯಿಕ್ ಆಸಿಡ್, ಓಲಿಲಮೀನ್ ಅರ್ಧರ್ಧ ಮಿ.ಲೀ. ಹಾಕಿ. ಪುಡಿ ಪೂರ್ತಿ ಕರಗಿದ ಮೇಲೆ 170ಕ್ಕೆ ಏರಿಸಿ, 0.4 ಮಿ.ಲೀ. ಸೀಸಿಯಂ ಓಲಿಯೇಟ್ ಒಂದೇ ಏಟಿಗೆ ಚುಚ್ಚಿ, 5 ಸೆಕೆಂಡಿಗೆ ಫ್ಲಾಸ್ಕನ್ನು ಐಸ್ ನೀರಿಗೆ ಇಳಿಸಬೇಕು. ಕೆಡುವುದು ಸಿರಿಂಜಿನಲ್ಲಿ: ಓಲಿಯೇಟ್ ತಣ್ಣಗಾದರೆ ಹೆಪ್ಪುಗಟ್ಟಿ ಸೂಜಿಯಲ್ಲೇ ಕೂರುತ್ತದೆ, ಅಳತೆ ತಪ್ಪುತ್ತದೆ. 100 ಡಿಗ್ರಿಗೆ ಕಾಯಿಸಿಯೇ ಎಳೆದುಕೊಳ್ಳಿ.

ಎಲೆಕ್ಟ್ರಾನು ಎಷ್ಟು ಬೇಗ ಆರುತ್ತದೆಂದು ಅಳೆಯುವಲ್ಲೇ ಹೆಚ್ಚು ಮೋಸ. 400 ನ್ಯಾನೋಮೀಟರ್ ಲೇಸರ್ ಮಿಡಿತ 3.1 ಎಲೆಕ್ಟ್ರಾನ್ ವೋಲ್ಟ್ ಕೊಡುತ್ತದೆ, ಡಾಟಿಗೆ ಬೇಕಾದದ್ದು ಸುಮಾರು 2.4. ಮಿಡಿತದ ನಂತರ ಡಾಟು ಬೆಳಕು ಹೀರುವುದು ತಗ್ಗುತ್ತದೆ; ಆ ಬ್ಲೀಚ್ ಸಿಗ್ನಲ್ಲಿನ ಹೆಚ್ಚು ಶಕ್ತಿಯ ಬಾಲಕ್ಕೆ ಗೆರೆ ಹೊಂದಿಸಿದರೆ ಕ್ಯಾರಿಯರ್ ಉಷ್ಣತೆ ಸಿಗುತ್ತದೆ. ಲೇಸರ್ ಜೋರಾದರೆ ಒಂದೇ ಡಾಟಿನಲ್ಲಿ ಎರಡು ಎಕ್ಸೈಟಾನ್ (ಎಲೆಕ್ಟ್ರಾನು ಮತ್ತು ಅದು ಬಿಟ್ಟ ಖಾಲಿ ಜಾಗದ ಜೋಡಿ) ಹುಟ್ಟುತ್ತವೆ, ಓಜೆ ಕ್ರಿಯೆಯಲ್ಲಿ ಒಂದು ಅಳಿದು ಇನ್ನೊಂದನ್ನು ಮತ್ತೆ ಕಾಯಿಸುತ್ತದೆ. ಅದನ್ನೇ "ನಿಧಾನವಾಗಿ ಆರುತ್ತಿದೆ" ಎಂದು ಬರೆದರೆ ತಪ್ಪು. ಡಾಟಿಗೆ ಸರಾಸರಿ 0.1 ಎಕ್ಸೈಟಾನಿಗಿಂತ ಕಡಿಮೆ ಇಟ್ಟು ಮೊದಲು ನೋಡಿ.

ಸೆಲ್ಲಿಗೆ ಬೇಕಾದದ್ದು ಬ್ರೋಮೈಡ್ ಬದಲು ಅಯೋಡೈಡ್ ಇರುವ ಡಾಟ್. ಅದರ ಮೈಗೆ ಅಂಟಿದ ಉದ್ದ ಅಣುಗಳನ್ನು, ಅಂದರೆ ಲಿಗ್ಯಾಂಡ್‌ಗಳನ್ನು, ದಾಟುವಷ್ಟರಲ್ಲಿ ಎಲೆಕ್ಟ್ರಾನ್ ಆರಿಬಿಡುತ್ತದೆ. ಹಾಗೆಂದು ಅವನ್ನು ತೆಗೆಯಲು ಎಥನಾಲಿನಲ್ಲಿ ತೊಳೆದರೆ ಡಾಟೇ ಹಾಳು. ಮಿಥೈಲ್ ಅಸಿಟೇಟ್ ಬಳಸಿ. ಧಾರವಾಡದ ಶ್ರಾವಣದ ಜಿಟಿಜಿಟಿಯಲ್ಲಿ ಡಾಟಿನ ಫಿಲ್ಮನ್ನು ಹೊರಗಿಡಬೇಡಿ, ತೇವ ತಾಗಿದರೆ ಕಂದು ಫಿಲ್ಮು ಹಳದಿಯಾಗುತ್ತದೆ.