ಮಳೆ ಎಷ್ಟು ಇಂಚು ಬಿತ್ತು ಸರಿ, ಮಣ್ಣಿಗೆ ಎಷ್ಟು ಇಳಿಯಿತು?

ಕೊಡಗಿನಲ್ಲಿ ಜೂನ್ ಬಂತು ಅಂದರೆ ಫೋನಿನಲ್ಲಿ ಮೊದಲ ಮಾತೇ "ನಿಮ್ಮ ಕಡೆ ಎಷ್ಟು ಇಂಚು?" ಅಂತ. ತೋಟದ ಮನೆಗಳಲ್ಲಿ ಮಳೆ ಲೆಕ್ಕ ಬರೆದಿಡುವುದು ಹಳೆಯ ಅಭ್ಯಾಸ, ಒಳ್ಳೆಯದೇ. ಆದರೆ ಅದರಲ್ಲಿ ಎಷ್ಟು ನಮ್ಮ ಮಣ್ಣಿಗೆ ಇಳಿಯಿತು, ಎಷ್ಟು ತೋಡಿಗೆ ಹರಿದು ಕಾವೇರಿ ಸೇರಿತು ಅಂತ ಕೇಳುವವರು ಕಮ್ಮಿ. ಒಂದು ಎಕರೆ ಮೇಲೆ ಒಂದು ಇಂಚು ಮಳೆ ಬಿದ್ದರೆ ಒಂದು ಲಕ್ಷ ಲೀಟರಿಗಿಂತ ಸ್ವಲ್ಪ ಜಾಸ್ತಿ ನೀರು. ಇಷ್ಟೆಲ್ಲ ಸುರಿದ ಊರಲ್ಲೇ ಮಾರ್ಚ್ ತಿಂಗಳಲ್ಲಿ ಕಾಫಿ ಹೂ ಅರಳಿಸುವ ಹೂ ಮಳೆ ಕೈಕೊಟ್ಟರೆ, ಸ್ಪ್ರಿಂಕ್ಲರ್ ಹಾಕೋಣ ಅಂದರೆ ಕೆರೆಯಲ್ಲಿ ನೀರಿರುವುದಿಲ್ಲ.

ಮೊದಲು ಮಣ್ಣಿನ ವಿಷಯ. ಚೆನ್ನಾಗಿ ನೆನೆದ ಮೇಲೂ ಮರಳು ಮಣ್ಣು ಗಂಟೆಗೆ 30 ಮಿ.ಮೀ.ಗಿಂತ ಜಾಸ್ತಿ ನೀರು ಇಳಿಸಿಕೊಳ್ಳುತ್ತದೆ, ಮರಳು, ಜೇಡಿ ಎರಡೂ ಬೆರೆತ ಗೋಡು ಮಣ್ಣು 10ರಿಂದ 20, ಜೇಡಿ ಮಣ್ಣು 1ರಿಂದ 5. ಇದು ಸಾಮಾನ್ಯ ಲೆಕ್ಕ. ನಮ್ಮ ಕೆಂಪು ಮಣ್ಣಿನ ಗುಣ ಸ್ವಲ್ಪ ಬೇರೆ. ಒದ್ದೆ ಮಾಡಿ ಬೆರಳಲ್ಲಿ ತಿಕ್ಕಿದರೆ ಜೇಡಿಯ ಹಾಗೇ ಅಂಟುತ್ತದೆ, ಆದರೆ ಅದರಲ್ಲಿರುವ ಕಬ್ಬಿಣದ ಅಂಶ ಸಣ್ಣ ಕಣಗಳನ್ನೆಲ್ಲ ಹಿಡಿದು ಕಾಳು ಕಾಳು ಮಾಡಿರುತ್ತದೆ. ಆ ಕಾಳುಗಳ ಸಂದಿಯಲ್ಲಿ, ಬೇರು ಕೊಳೆತು ಬಿಟ್ಟ ತೂತುಗಳಲ್ಲಿ, ಎರೆಹುಳು ಮಾಡಿದ ದಾರಿಯಲ್ಲಿ ನೀರು ಸಲೀಸಾಗಿ ಇಳಿಯುತ್ತದೆ. ಕಾಳು ಒಡೆದರೆ ಮುಗಿಯಿತು. ಅದೇ ಮಣ್ಣು ಗಾರೆ ನೆಲದ ಹಾಗೆ ಗಟ್ಟಿಯಾಗುತ್ತದೆ.

ನಂಬಿಕೆ ಬರದಿದ್ದರೆ ಒಂದು ದೊಡ್ಡ ಡಬ್ಬಿಯ ಎರಡೂ ತುದಿ ಕತ್ತರಿಸಿ, ಮರದ ಹಲಗೆ ಇಟ್ಟು ಬಡಿದು ಅರ್ಧ ಗೇಣು ನೆಲಕ್ಕೆ ಇಳಿಸಿ, ನೀರು ಸುರಿದು ನೋಡಿ. ಒಣಗಿದ ಮಣ್ಣು ಮೊದಲ ಸಲ ಗಟಗಟ ಕುಡಿಯುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಎರಡು ಮೂರು ಸಲ ತುಂಬಿಸಿದ ಮೇಲೆ ಎಷ್ಟು ಹೊತ್ತಿಗೆ ಇಳಿಯುತ್ತದೆ ಅನ್ನುವುದೇ ನಿಜವಾದ ಲೆಕ್ಕ. ನಮ್ಮ ತೋಟದಲ್ಲಿ ಅತ್ತಿ ಮರದ ಕೆಳಗೆ, ದರಗು, ಅಂದರೆ ಉದುರಿದ ಒಣ ಎಲೆ, ಸರಿಸಿ ಡಬ್ಬಿ ಇಟ್ಟರೆ ನೀರು ಕಣ್ಣೆದುರೇ ಇಳಿಯುತ್ತದೆ. ಅಲ್ಲಿಂದ ನಾಲ್ಕೇ ಹೆಜ್ಜೆ ದೂರ, ಜೀಪು ಓಡಾಡುವ ದಾರಿಯಲ್ಲಿ ಇಟ್ಟರೆ ಒಂದು ಲೋಟ ಕಾಫಿ ಕುಡಿದು ಬಂದರೂ ನೀರು ಹಾಗೇ ನಿಂತಿರುತ್ತದೆ! ಮಣ್ಣು ಅದೇ, ಮಳೆಯೂ ಅದೇ. ಮೇಲೆ ನಾವು ಏನು ಮಾಡಿದ್ದೇವೆ ಅನ್ನುವುದಷ್ಟೇ ಬೇರೆ.

ಅದಕ್ಕೇ ದರಗು ಗುಡಿಸಿ ತೋಟ ಕ್ಲೀನ್ ಇಡುವುದು ನನಗೆ ಸುತರಾಂ ಇಷ್ಟವಿಲ್ಲ. ಬರೀ ನೆಲಕ್ಕೆ ಹನಿ ಬಡಿದರೆ ಮಣ್ಣಿನ ಕಾಳು ಒಡೆದು, ಸಣ್ಣ ಪುಡಿ ತೂತುಗಳಿಗೆ ಕೂತು, ಮೇಲೆ ಒಂದು ತೆಳು ಪದರ ಕಟ್ಟುತ್ತದೆ. ಆಮೇಲೆ ಬಿದ್ದ ನೀರೆಲ್ಲ ಕೆಂಪಾಗಿ ತೋಡಿಗೆ ಹರಿಯುತ್ತದೆ. ಯಾರೂ ದರಗು ಗುಡಿಸದ ದೇವರಕಾಡಿನೊಳಗೆ ಜೋರು ಮಳೆಯಲ್ಲಿ ಹೋಗಿ ನೋಡಿ, ನೆಲದ ಮೇಲೆ ಹರಿಯುವ ನೀರು ಎಷ್ಟು ಕಮ್ಮಿ, ಹರಿದರೂ ಎಷ್ಟು ತಿಳಿ!

ಇನ್ನು ಗದ್ದೆ. ಇಲ್ಲಿ ಕಥೆ ಉಲ್ಟಾ. ಕೆಸರು ಮಾಡುವಾಗ ನಾವು ಬೇಕಂತಲೇ ಕಾಳು ಒಡೆಯುತ್ತೇವೆ, ಕೆಳಗೆ ಗಟ್ಟಿ ಪದರ ಕೂರುತ್ತದೆ, ನೀರು ನಿಧಾನಕ್ಕೆ ಜಿನುಗುತ್ತದೆ. ಆದರೆ ಬದು ಇರುವುದರಿಂದ ನೀರು ಓಡಿಹೋಗುವುದಿಲ್ಲ. ಆರು ಇಂಚು ನೀರು ನಿಂತ ಒಂದು ಎಕರೆ ಗದ್ದೆ ಅಂದರೆ ಆರು ಲಕ್ಷ ಲೀಟರ್! ಗುಡ್ಡದ ನೀರು ಬಂದು ತಂಗುವ ಜಾಗ ಅದು. ಗದ್ದೆ ಪಾಳು ಬಿಟ್ಟು ಬದು ಒಡೆದರೆ, ಮಣ್ಣು ತುಂಬಿಸಿ ಸೈಟ್ ಮಾಡಿದರೆ, ಆ ನೀರು ಕೆಳಗಿನವರ ಮನೆಗೆ ಹೋಗದೆ ಇನ್ನೆಲ್ಲಿ ಹೋಗಬೇಕು? ಕೂಲಿ ಸಿಗದೆ ಗದ್ದೆ ಬಿಟ್ಟವರ ಕಷ್ಟ ನನಗೆ ಗೊತ್ತು, ಅವರನ್ನು ಬೈಯುತ್ತಿಲ್ಲ. ಬದುವನ್ನಾದರೂ ಉಳಿಸಿಕೊಳ್ಳಿ ಅಂತ ಕೇಳುತ್ತಿದ್ದೇನೆ.

ನೀರು ಇಳಿದಷ್ಟೂ ಒಳ್ಳೆಯದು ಅಂತ ಎಲ್ಲ ಕಡೆ ಹೇಳೋಕೂ ಆಗಲ್ಲ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ, ಹೆಬ್ಬೆಟ್ಟಗೇರಿ ಕಡೆ ಗುಡ್ಡಗಳು ಜಾರಿದ್ದನ್ನು ಯಾರೂ ಮರೆತಿಲ್ಲ. ಮಣ್ಣು ಪೂರ್ತಿ ನೆನೆದು ಭಾರವಾಗಿತ್ತು, ಒಳಗಿನ ನೀರಿನ ಒತ್ತಡಕ್ಕೆ ಹಿಡಿತ ಸಡಿಲವಾಗಿತ್ತು. ರಸ್ತೆಗೆ, ಮನೆಗೆ ಅಂತ ಗುಡ್ಡದ ಬುಡ ಕಡಿದು ನಿಲ್ಲಿಸಿದ ಬರೆಗಳಿಗೆ ಕೆಳಗಿನ ಆಸರೆಯೂ ಇರಲಿಲ್ಲ. ಹಾಗಾಗಿ ಕಾಫಿ ಸಾಲಿನ ನಡುವೆ ನೀರು ಇಂಗಿಸಲು ತೋಡುವ ತೊಟ್ಟಿಲು ಗುಂಡಿಗಳು ಸಣ್ಣ ಇಳಿಜಾರಿಗೆ ಸರಿ, ಕಡಿದಾದ ಗುಡ್ಡದಲ್ಲಿ, ಅದರಲ್ಲೂ ಕೊರೆದ ಬರೆಯ ನೆತ್ತಿಯಲ್ಲಿ ಬೇಡವೇ ಬೇಡ. ಅಲ್ಲಿ ಮಳೆ ನೀರನ್ನು ಚರಂಡಿ ಮಾಡಿ ಪಕ್ಕಕ್ಕೆ ಬಿಡಬೇಕು. ನೆಲದಲ್ಲಿ ಹೊಸ ಬಿರುಕು ಕಂಡರೆ, ಬರೆಯ ಬುಡದಲ್ಲಿ ಇದ್ದಕ್ಕಿದ್ದಂತೆ ಕೆಸರು ನೀರು ಒಸರಿದರೆ, ಸುಮ್ನೆ ನೋಡ್ತಾ ನಿಲ್ಲಬೇಡಿ. ಮನೆಯವರನ್ನು ಕರೆದುಕೊಂಡು ಅಲ್ಲಿಂದ ಹೊರಡಿ, ಕೆಳಗಿನ ಮನೆಯವರಿಗೂ ಫೋನ್ ಮಾಡಿ ಹೇಳಿ.