ಪ್ರೊಹೈರೆಸಿಸ್: ಬರೀ ಆಯ್ಕೆಯಲ್ಲ

ಅರಿಸ್ಟಾಟಲ್ (ಕ್ರಿ.ಪೂ. 384–322) ತನ್ನ ‘ನಿಕೋಮೇಕಿಯನ್ ಎಥಿಕ್ಸ್’ ಕೃತಿಯ ಮೂರನೆಯ ಭಾಗದಲ್ಲಿ ಚರ್ಚಿಸುವ ‘ಪ್ರೊಹೈರೆಸಿಸ್’ (ಆಲೋಚಿಸಿ ಮಾಡುವ ಆಯ್ಕೆ) ಎಂಬ ಗ್ರೀಕ್ ಪದವನ್ನು ಬರೀ ‘ಆಯ್ಕೆ’ ಎಂದು ಕನ್ನಡಿಸಿ ಮುಂದೆ ಸಾಗಲು ನನ್ನ ಮನಸ್ಸು ಒಪ್ಪುವುದಿಲ್ಲ. ಮಕ್ಕಳೂ ಪ್ರಾಣಿಗಳೂ ತಮ್ಮಿಚ್ಛೆಯಂತೆ ವರ್ತಿಸಬಹುದಾದರೂ ಆ ವರ್ತನೆಯಲ್ಲಿ ಪ್ರೊಹೈರೆಸಿಸ್ ಇರುವುದಿಲ್ಲ. ಏಕೆಂದರೆ ಅದರ ಹಿಂದೆ ಆಲೋಚನೆ ನಡೆದಿರಬೇಕು. ಬಯಕೆಯೂ ಇದಲ್ಲ: ಸಾವೇ ಬಾರದಿರಲಿ ಎಂದು ಬಯಸಬಹುದು, ಆದರೆ ಅಮರತ್ವವನ್ನು ಯಾರೂ ಆರಿಸಿಕೊಳ್ಳಲಾರರು.

ಆತ ಕೊಡುವ ವೈದ್ಯನ ಉದಾಹರಣೆಯನ್ನೇ ನೋಡಿ. ರೋಗಿಯನ್ನು ಗುಣಪಡಿಸಬೇಕೇ ಬೇಡವೇ ಎಂದು ವೈದ್ಯ ಯೋಚಿಸುತ್ತಾ ಕೂರುವುದಿಲ್ಲ. ಗುಣವಾಗಲು ಏನಾಗಬೇಕು, ಅದಾಗಲು ಮತ್ತೇನು ಬೇಕು ಎಂದು ಗುರಿಯಿಂದ ಹಿಂದಕ್ಕೆ ಹೆಜ್ಜೆಯಿಡುತ್ತಾ ಬರುತ್ತಾನೆ, ತನ್ನ ಕೈಯಿಂದ ಈಗಲೇ ಆಗಬಹುದಾದ ಕೆಲಸವೊಂದು ಸಿಕ್ಕಲ್ಲಿ ಹುಡುಕಾಟ ನಿಲ್ಲುತ್ತದೆ, ಆಯ್ಕೆ ನೆಲೆಗೊಳ್ಳುತ್ತದೆ. ಗುರಿಯ ಬಗ್ಗೆ ಆಲೋಚನೆಯೇ ನಡೆಯದು ಎಂಬ ಅರಿಸ್ಟಾಟಲನ ಮಾತು ಮಾತ್ರ (ವ್ಯಾಖ್ಯಾನಕಾರರು ಎಷ್ಟೇ ಸಮಜಾಯಿಷಿ ಕೊಟ್ಟರೂ) ನನಗೆ ಪೂರ್ತಿ ಒಪ್ಪಿಗೆಯಾಗಿಲ್ಲ.

ಸುಮಾರು ನಾಲ್ಕು ಶತಮಾನಗಳ ಬಳಿಕ ಸ್ಟೋಯಿಕ್ (ಸದ್ಗುಣವೊಂದೇ ನಿಜವಾದ ಒಳಿತೆನ್ನುವ ಗ್ರೀಕ್ ಪಂಥ) ಚಿಂತಕ ಎಪಿಕ್ಟೆಟಸ್ ಇದೇ ಪದವನ್ನು ಇನ್ನಷ್ಟು ಒಳಕ್ಕೆಳೆದುಕೊಂಡ: ಕಾಲಿಗೆ ಸಂಕೋಲೆ ತೊಡಿಸಬಹುದು, ಆದರೆ ಪ್ರೊಹೈರೆಸಿಸನ್ನು ಸ್ವತಃ ಜ್ಯೂಸ್ ದೇವನೂ ಮಣಿಸಲಾರ ಎಂಬುದು ಒಮ್ಮೆ ಗುಲಾಮನಾಗಿದ್ದ ಆತನ ನಿಲುವು.